ಪವಿತ್ರಾ ಕೈಗಿಟ್ಟ ಕಂಬಳಿ

ಕಳೆದ ವರ್ಷ ದೀಪಾವಳಿ ರಜೆ ಮುಗಿದು ಹುಡುಗಿಯರೆಲ್ಲ ವಾಪಸು ಬಂದಿದ್ದ ಸಮಯ. ನಾನು ಚಳ್ಳಕೆರೆಯ ಒಂದು ಕಾಲೇಜು ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯವಳು. ಯಾರ ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂಬುದು ನನ್ನ ಕಣ್ಣು ತಪ್ಪುವುದಿಲ್ಲ ಎಂಬ ಜಂಬ ಬೇರೆ!

ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಪವಿತ್ರಾ ನಮ್ಮ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಳು. ಕುರಿ ಸಾಕುವ ಮನೆಯ ಹುಡುಗಿ, ಬಾಯಿ ಜೋರು. ಒಗ್ಗರಣೆ ಮಂಡಕ್ಕಿ ಮಾಡಿದ ದಿನ, "ನಂಗೆ ಹಾಕೋಕೆ ಮಾತ್ರ ಕೈ ಬರಲ್ವಾ ಅಕ್ಕ?" ಎಂದು ಜಗಳ ತೆಗೆದು ಮೂರನೇ ಸಲ ಹಾಕಿಸಿಕೊಳ್ಳುತ್ತಿದ್ದಳು. ರಜೆ ಮುಗಿಸಿ ಬಂದವಳು ಅರ್ಧ ಮುದ್ದೆ ಬಿಟ್ಟು ಏಳತೊಡಗಿದಳು. "ಏನೇ, ಮದುವೆ ಗೊತ್ತಾಯ್ತೇನೇ?" ಎಂದು ರೇಗಿಸಿದೆ. ನಗಲಿಲ್ಲ.

ಒಂದು ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಅಡುಗೆಮನೆಗೆ ಬಂದು ತನ್ನ ಕರಿ ಕಂಬಳಿಯನ್ನು ನನ್ನ ಕೈಗಿಟ್ಟಳು. ಅವ್ವ ನೂತ ಉಣ್ಣೆಯದು ಎಂದು ಯಾರಿಗೂ ಮುಟ್ಟಗೊಡದಿದ್ದ ಕಂಬಳಿ ಅದು. "ಚಳಿಯಾಗೆ ಎದ್ದು ಬರ್ತೀರ, ಹೊದ್ಕೊಳ್ಳಿ ಅಕ್ಕ. ನಂಗೆ ಬೇಡ" ಎಂದಳು. ನಾನೋ ಹಿರಿಹಿರಿ ಹಿಗ್ಗಿದೆ. ಒಂದು ಮಾತಿಗೂ ಬೇಡ ಎನ್ನಲಿಲ್ಲ.

ಮಧ್ಯಾಹ್ನ ಮನೆಯಲ್ಲಿ ಅತ್ತೆಗೆ ತೋರಿಸಿದೆ. ಅವರೂ ಕುರಿ ಹಿಂದೆ ತಿರುಗಿ ಬೆಳೆದವರು. "ಅವ್ವ ನೂತಿದ್ದಾ? ನಮ್ಮೋರಾಗೆ ಅಂಥ ಕಂಬಳೀನ ಬದುಕಿರೋತನಕ ಯಾರೂ ಕೊಡಲ್ಲ ಕಣೇ. ಆ ಹುಡುಗಿ ಹೆಂಗವ್ಳೆ?" ಎಂದರು. ಅವಳು ಬಿಟ್ಟೆದ್ದ ಅರ್ಧ ಮುದ್ದೆ ಆಗ ನೆನಪಾಯಿತು.

ಕಂಬಳಿ ಬಗಲಿಗಿಟ್ಟುಕೊಂಡು ಹಾಸ್ಟೆಲ್ಲಿಗೆ ಆಟೋ ಹತ್ತಿದೆ. ಪವಿತ್ರಾ ಕಾಲೇಜಿಗೂ ಹೋಗದೆ ರೂಮಿನಲ್ಲಿ ಒಬ್ಬಳೇ ಕೂತಿದ್ದಳು. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ. ಪಕ್ಕ ಕೂತು, "ಸಾಯ್ಬೇಕು ಅಂತ ಏನಾದ್ರೂ ಅನ್ಸೈತೇನವ್ವ?" ಎಂದೇ ಕೇಳಿಬಿಟ್ಟೆ. ನನ್ನ ಮಡಿಲಿಗೆ ಬಿದ್ದು ಅತ್ತಳು.

"ಇಂಗ್ಲಿಷ್ ಪಾಠ ಒಂದೂ ತಲೆಗೆ ಹೋಗಲ್ಲ ಅಕ್ಕ. ಮೂರು ಸಬ್ಜೆಕ್ಟ್ ಹೋಗೈತೆ. ನಿದ್ದೇನೇ ಬರಲ್ಲ. ನಮ್ಮಪ್ಪ ಊರೆಲ್ಲ ನನ್ ಮಗಳು ಮೇಡಂ ಆಗ್ತಾಳೆ ಅಂತ ಹೇಳ್ಕೊಂಡು ತಿರುಗ್ತಾನೆ. ಯಾವ ಮುಖ ಇಟ್ಕೊಂಡು ಹೋಗ್ಲಿ?"

ಬೈಯಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ. ಕಂಬಳಿಯನ್ನು ಅವಳಿಗೇ ಹೊದಿಸಿ ಬೆನ್ನು ಸವರುತ್ತಾ ಕೂತೆ. "ಇದನ್ನ ಮುಚ್ಚಿಡಲ್ಲ ಕಣೇ, ವಾರ್ಡನ್ ಮೇಡಂಗೆ ಹೇಳ್ತೀನಿ" ಎಂದು ಅವಳ ಎದುರೇ ಫೋನ್ ಮಾಡಿದೆ. ಮೇಡಂ ಓಡಿಬಂದು ಆವತ್ತೇ ಡಾಕ್ಟರ ಹತ್ತಿರ ಕರೆದೊಯ್ದರು. ಸಂಜೆಯ ಬಸ್ಸಿಗೆ ಅಪ್ಪ, ಅವ್ವ ಬಂದರು. ಅಪ್ಪ ಮಗಳ ತಲೆ ಹಿಡಿದುಕೊಂಡು, "ಪಾಸಾಗ್ದಿದ್ರೆ ಹೋಗ್ಲಿ ಬಿಡವ್ವ, ನೀನಿದ್ರೆ ಸಾಕು" ಎಂದ. ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಕೆಲವು ತಿಂಗಳು ಔಷಧಿ, ಡಾಕ್ಟರ ಹತ್ತಿರ ಮಾತು ನಡೆಯಿತು. ಒಬ್ಬ ಮೇಷ್ಟ್ರು ಕನ್ನಡದಲ್ಲಿ ಬಿಡಿಸಿ ಹೇಳಿಕೊಟ್ಟರು. ಒಂದು ಸಬ್ಜೆಕ್ಟ್ ಇನ್ನೂ ಬಾಕಿ ಇದೆ. ನಾನೂ ಈಗ ಯಾರಾದರೂ ಪ್ರೀತಿಯ ವಸ್ತು ಕೊಡಲು ಬಂದರೆ ಮೊದಲು ಅವರ ಮುಖ ನೋಡುತ್ತೇನೆ.

ಈ ಸಲ ರಜೆಯಿಂದ ಬಂದವಳ ಕೈಯಲ್ಲಿ ಹೊಸ ಕಂಬಳಿ ಇತ್ತು. ನನ್ನ ಮುಖ ಬಿಳಿಚಿದ್ದು ಕಂಡು ಕಿಲಕಿಲ ನಕ್ಕಳು. "ಹೆದರ್ಬೇಡಿ ಅಕ್ಕ. ನಂದು ನನ್ನತ್ರಾನೇ ಐತೆ. ಇದು ಅವ್ವ ನಿಮಗೇ ಅಂತ ನೂತಿದ್ದು."