ಹನ್ನೆರಡು ಕಾಳಿನ ತೆನೆ

ನಮ್ಮ ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು, ಕೆಲಸದ ಜಾಗದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು ಚೀಲದಕ್ಕ. ಸೊಂಟಕ್ಕೆ ಕಟ್ಟಿಕೊಂಡ ಖಾಕಿ ಬಟ್ಟೆಯ ಚೀಲ, ಅದರೊಳಗೆ ನೂರಾರು ಕಂದು ಕಾಗದದ ಚೀಲಗಳು, ಒಂದು ಸ್ಟೇಪ್ಲರ್, ಹಲ್ಲಲ್ಲಿ ಕಚ್ಚಿ ಕಚ್ಚಿ ಹಾಳಾದ ಒಂದು ಪೆನ್ಸಿಲ್. ಮೇವಿನ ಮೆಕ್ಕೆಜೋಳದ ಹೊಸ ತಳಿ ಮಾಡುವ ಸಂಶೋಧನಾ ಫಾರ್ಮಿನಲ್ಲಿ ಇಪ್ಪತ್ತಾರು ವರ್ಷದಿಂದ ಅವರ ಕೆಲಸ ಏನು ಗೊತ್ತೇ? ಗಿಡಗಳಿಗೆ ಮದುವೆ ಮಾಡಿಸುವುದು! ನಿಜವಾಗಿಯೂ!

ಮೆಕ್ಕೆಜೋಳದ ಗಿಡದ ತಲೆಯ ಮೇಲೆ ಗಂಡು ಹೂವು, ನಡುವಿನಲ್ಲಿ ಹೆಣ್ಣು ತೆನೆ. ತೆನೆಯ ತುದಿಯಿಂದ ರೇಷ್ಮೆಯಂಥ ಎಳೆಗಳು ಹೊರಬರುತ್ತವೆ. ಆ ಎಳೆಗಳನ್ನು ನಾವೆಲ್ಲ ಕಿತ್ತು ಬಿಸಾಕುತ್ತೇವಲ್ಲ, ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು ಎಂದು ನನಗೆ ಗೊತ್ತೇ ಇರಲಿಲ್ಲ. ಎಳೆ ಇಣುಕುವ ಮೊದಲೇ ತೆನೆಗೆ ಚೀಲ ತೊಡಿಸಿ, ಸಾಲು, ತಾರೀಕು ಬರೆದ ಚೀಟಿ ಕಟ್ಟಬೇಕು. ತಡವಾದರೆ ಗಾಳಿಯಲ್ಲಿ ಬಂದ ಯಾವುದೋ ಗಿಡದ ಪರಾಗದ ಪುಡಿ ಕೂತುಬಿಡುತ್ತದೆ. ಆಮೇಲೆ ನಾವು ಆರಿಸಿದ ಗಂಡಿನ ಪುಡಿ ಎಷ್ಟು ಉದುರಿಸಿದರೂ ಆ ಎಳೆಗೆ ಬೇಕಾಗಿಲ್ಲ.

ಈ ಕೆಲಸದ ಚಾಳಿ ಮನೆಗೂ ಬಂದಿತ್ತು. ಸಕ್ಕರೆ ಡಬ್ಬ, ಔಷಧಿ ಶೀಶೆ, ಮಾವನ ಗಡ್ಡದ ಬ್ರಷ್, ಎಲ್ಲಕ್ಕೂ ತಾರೀಕು ಬರೆದ ಚೀಟಿ.

"ಇವಳ ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂರೋ ಹಂಗಿಲ್ಲ ಪುಟ್ಟಿ, ನನ್ ಕಿವಿಗೂ ಚೀಟಿ ಕಟ್ತಾಳೆ" ಎನ್ನುತ್ತಿದ್ದರು ಮಾವ.

"ಮದ್ವೆ ದಿನಾನೇ ಕಟ್ಬೇಕಿತ್ತು. ಯಾವ ಸಾಲಿಂದ ಬಂದ ಸರಕು ಅಂತ ಆಗ್ಲೇ ಗೊತ್ತಾಗಿರೋದು" ಎಂದು ಅತ್ತೆ ಅಡುಗೆಮನೆಯಿಂದಲೇ ತಿರುಗಿಸಿ ಕೊಡುತ್ತಿದ್ದರು.

ಕಾಲೇಜಿನ ಪ್ರಾಜೆಕ್ಟ್‌ಗೆಂದು ನಾನು ಈ ರಜೆಯಲ್ಲಿ ಅತ್ತೆಯ ಜೊತೆ ಫಾರ್ಮಿಗೆ ಹೋಗತೊಡಗಿದೆ. ಮೂರನೇ ದಿನವೇ ಒಂದು ವಿಷಯ ಕಣ್ಣಿಗೆ ಬಿತ್ತು. ಊಟದ ಡಬ್ಬಿ ತೊಳೆದಿಟ್ಟ ತಕ್ಷಣ ಅತ್ತೆ ಯಾರಿಗೂ ಹೇಳದೆ ಹೊಲದ ಮೂಲೆಯ ಹನ್ನೆರಡು ಸಾಲುಗಳ ಹತ್ತಿರ ಹೋಗುತ್ತಿದ್ದರು. ಮೊಣಕಾಲೆತ್ತರದ ಸಸಿಗಳು. ಒಂದೊಂದರ ಎಲೆ ಮಗುಚಿ, ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡುತ್ತಿದ್ದರು.

"ಏನತ್ತೆ, ಎಲೆ ಜೊತೆ ಗುಟ್ಟು ಮಾತಾಡ್ತಿದ್ದೀರಾ?"

"ಸುಮ್ನಿರೇ! ಬಾ ಇಲ್ಲಿ, ನಿನ್ನದು ಎಳೇ ಕಣ್ಣು. ಈ ನಡುನರ ಯಾವ ಬಣ್ಣ ಹೇಳು."

"ಹಸಿರು."

ಅತ್ತೆ ಬದುವಿನ ಮೇಲೆ ಕುಕ್ಕರಿಸಿದರು. ಆಮೇಲೆ ಎಲ್ಲ ಹೇಳಿದರು.

ಕಂದು ನರದ ಮೆಕ್ಕೆಜೋಳ ಎಂದು ಒಂದಿದೆ. ಎಲೆಯ ನಡುವಿನ ನರ ಇಟ್ಟಿಗೆ ಬಣ್ಣಕ್ಕಿರುತ್ತದೆ, ಅಷ್ಟರಿಂದಲೇ ಗುರುತು. ದಂಟನ್ನು ಗಟ್ಟಿ ಮಾಡುವ ಲಿಗ್ನಿನ್ ಅದರಲ್ಲಿ ಕಡಿಮೆ. "ದಂಟಿನೊಳಗೆ ಒಂಥರಾ ಗೋಂದು ಅಂತ ಇಟ್ಕೋ" ಎಂದರು ಅತ್ತೆ. "ಅದು ಜಾಸ್ತಿ ಇದ್ರೆ ಗಿಡ ಸಿಪಾಯಿ ಥರ ನಿಲ್ಲತ್ತೆ, ಹಸು ಹೊಟ್ಟೇಲಿ ಮಾತ್ರ ಅರಗಲ್ಲ. ಕಡಿಮೆ ಇದ್ರೆ ಚೆನ್ನಾಗಿ ಅರಗತ್ತೆ, ಹಾಲೂ ಹೆಚ್ಚು. ಆದ್ರೆ ಒಂದು ಗಾಳಿ ಬೀಸ್ತು ಅಂದ್ರೆ ಗಿಡ ಚಾಪೆ ಹಾಸ್ಕೊಂಡು ಮಲಗ್ಬಿಡತ್ತೆ."

ತಳಿ ಮಾಡುವ ವಿಜ್ಞಾನಿ, ಎಲ್ಲರ ಬಾಯಲ್ಲೂ ಡಾಕ್ಟರ್ ಮೇಡಂ, ಆ ಕಂದು ನರವನ್ನು ಗಟ್ಟಿ ದಂಟಿನ ಗಿಡಕ್ಕೆ ತರಬೇಕೆಂದು ಹೊರಟಿದ್ದರು. ಎರಡು ಬೆಳೆಯ ಹಿಂದೆ ಆ ಮದುವೆ ಮಾಡಿಸಿದ್ದು ಅತ್ತೆ. ಗಟ್ಟಿ ದಂಟಿನ ಹೆಣ್ಣು, ಕಂದು ನರದ ಗಂಡು. ಆ ವರ್ಷ ಬಿಸಿಲು ಎಂಥದ್ದೆಂದರೆ ಎಳೆಗಳು ಸುಟ್ಟುಹೋಗಿ, ಇಡೀ ತೆನೆಗೆ ಕಟ್ಟಿದ್ದು ಹನ್ನೆರಡೇ ಕಾಳು. ಮುದುಕನ ಬಾಯಲ್ಲಿ ಉಳಿದ ಹಲ್ಲಿನ ಹಾಗೆ ಅಲ್ಲೊಂದು ಇಲ್ಲೊಂದು. ಮೇಡಂ ಹನ್ನೆರಡನ್ನೂ ಬಿತ್ತಿಸಿದರು. ಆ ಗಿಡಗಳೆಲ್ಲ ಹಸಿರು ನರದವೇ, ಯಾಕೆಂದರೆ ಹಸಿರು ಇರುವ ಕಡೆ ಕಂದು ಮುಖ ತೋರಿಸುವುದಿಲ್ಲ, ಒಳಗೆ ಅವಿತು ಕೂತಿರುತ್ತದೆ. ಪ್ರತಿ ಗಿಡಕ್ಕೂ ಅದರದೇ ಪುಡಿ ಹಾಕಿ ಮುಂದಿನ ಬೀಜ ತೆಗೆದರು. ಒಂದು ಗಿಡದ ಬೀಜ ಒಂದು ಸಾಲು. ಒಳಗೆ ಕಂದು ಅವಿತಿದ್ದರೆ ಈಗ ಸಾಲಿನಲ್ಲಿ ನಾಲ್ಕಕ್ಕೆ ಒಂದರ ಹಾಗೆ ಹೊರಗೆ ಬರಲೇಬೇಕು. ಕ್ಲಾಸಿನಲ್ಲಿ ಬಟಾಣಿ ಕಾಳಿನ ಚಿತ್ರ ಬರೆದು ಬರೆದು ಬೇಜಾರಾಗಿದ್ದ ಪಾಠ ಇಲ್ಲಿ ನನ್ನ ಕಾಲ ಬಳಿಯೇ ಮೊಳೆಯುತ್ತಿತ್ತು!

"ಬರತ್ತಲ್ಲ ಅತ್ತೆ, ಮತ್ಯಾಕೆ ಹೆದ್ರಿಕೆ?"

ಅತ್ತೆ ಪೆನ್ಸಿಲ್ ಕಚ್ಚಿದರು. "ಆವತ್ತು ಆ ತೆನೆಗೆ ಚೀಲ ಹಾಕೋವಾಗ ಏನೋ ಮಿಂಚಿದಂಗಾಯ್ತು ಕಣೇ. ಎಳೆ ಆಗ್ಲೇ ಹೊರಗೆ ಬಂದಿತ್ತೋ, ಜೇಡರ ಬಲೇನೋ, ಗೊತ್ತಾಗ್ಲಿಲ್ಲ. ಸಣ್ಣದೆಲ್ಲ ಕಣ್ಣಿಗೆ ಮಂಜು ಮಂಜು. ಚೀಲ ಹಾಕಿ ಪಿನ್ ಹೊಡ್ದುಬಿಟ್ಟೆ."

"ಮೇಡಂಗೆ ಹೇಳ್ಲಿಲ್ವಾ?"

"ಏನಂತ ಹೇಳ್ಲಿ? ಕಣ್ಣು ಕಾಣ್ಸಲ್ಲ ಅಂತಾನಾ? ಕಾಳು ಬಿಡಿಸೋ ಶೆಡ್ಡಿಗೆ ಹಾಕ್ತಾರೆ ಅಷ್ಟೇ."

ಆ ಶೆಡ್ ನಾನು ನೋಡಿದ್ದೆ. ತಗಡಿನ ಚಾವಣಿ, ದಿನವಿಡೀ ಯಂತ್ರದ ಗಡಗಡ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಹೆಂಗಸರು. ಹೊಲದಲ್ಲಿ ಒಂದೊಂದು ಗಿಡವನ್ನೂ ಮಾತಾಡಿಸಿಕೊಂಡು ಓಡಾಡುವ ಅತ್ತೆಯನ್ನು ಅಲ್ಲಿ ಕೂರಿಸುವುದನ್ನು ನನಗೆ ಯೋಚಿಸಲೂ ಆಗಲಿಲ್ಲ.

"ಒಂದೇ ಒಂದು ಸಾಲು ಕೈ ಕೊಟ್ರೂ ನಾನೇ ಹೋಗಿ ಚೀಲ ಬಿಚ್ಚಿಟ್ಟು ಬರ್ತೀನಿ" ಎಂದರು ಅತ್ತೆ. "ಇಪ್ಪತ್ತಾರು ವರ್ಷ ನನ್ ಕೈ ಮೇಲೆ ನಂಬಿಕೆ ಇಟ್ಟಿದ್ದಾರೆ. ಸುಳ್ಳು ಚೀಲ ಕಟ್ಕೊಂಡು ತಿರುಗೋಕಾಗಲ್ಲ."

ಆರನೇ ಎಲೆ ಬಿಚ್ಚುವ ಹೊತ್ತಿಗೆ ಬಣ್ಣ ಬರತೊಡಗಿತು. ಮೊದಲು ಕಂಡದ್ದು ನನಗೇ! ಎರಡನೇ ಸಾಲಿನ ಐದನೇ ಸಸಿ, ಎಲೆಯ ಬೆನ್ನಲ್ಲಿ ಯಾರೋ ಚಹಾದಲ್ಲಿ ಅದ್ದಿದ ದಾರ ಎಳೆದಂತೆ. ನಾನು ಕೂಗಿದ ಕೂಗಿಗೆ ಅತ್ತೆ ಓಡಿಬಂದು ಆ ಎಲೆಯನ್ನು ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಒಂದರ ಹಿಂದೆ ಒಂದು. ಮೊದಲ ಸಾಲಿನ ನಲವತ್ತರಲ್ಲಿ ಒಂಬತ್ತು. ಎರಡರಲ್ಲಿ ಹನ್ನೊಂದು. ಮೂರರಲ್ಲಿ ಎಂಟು.

ಏಳನೇ ಸಾಲಿನಲ್ಲಿ ಒಂದೂ ಇಲ್ಲ.

ನಾಲ್ಕು ದಿನ ಕಾದೆವು. ಉಳಿದ ಹನ್ನೊಂದು ಸಾಲುಗಳಲ್ಲೂ ಕಂದು ನರ ದೂರದಿಂದಲೇ ಎದ್ದು ಕಾಣುತ್ತಿತ್ತು. ಏಳನೆಯದು ಮಾತ್ರ ಅಚ್ಚ ಹಸಿರು. ಐದನೇ ದಿನ ಅತ್ತೆ ಸೊಂಟದ ಚೀಲ ಬಿಚ್ಚಿ, ಅಚ್ಚುಕಟ್ಟಾಗಿ ಮಡಿಸಿ, ಸೀದಾ ಮೇಡಂ ಮೇಜಿನ ಮೇಲಿಟ್ಟರು. ನಾನು ಬಾಗಿಲಲ್ಲೇ ನಿಂತೆ.

"ಏಳನೇ ಸಾಲು ಕೀಳಿಸ್ಬಿಡಿ ಮೇಡಂ. ಅದು ಬೇರೆ ಗಂಡಿಂದು. ಒಂದು ಎಳೆ ಮೊದ್ಲೇ ಹೊರಗೆ ಬಂದಿತ್ತು. ನಂಗೆ ಆವತ್ತೇ ಅನುಮಾನ, ಬಾಯಿ ಬಿಡ್ಲಿಲ್ಲ. ಕಣ್ಣು ಸರಿಯಾಗಿ ಕಾಣ್ಸಲ್ಲ ನಂಗೆ."

ಮೇಡಂ ಹೊಲದ ಪುಸ್ತಕ ತೆರೆದು, ನಾನು ಸಾಲು ಸಾಲಾಗಿ ಬರೆದಿಟ್ಟಿದ್ದ ಎಣಿಕೆಯನ್ನೆಲ್ಲ ನೋಡಿದರು. ಫ್ಯಾನಿನ ಗಾಳಿಗೆ ಹಾಳೆ ಪಟಪಟ ಅನ್ನುತ್ತಿತ್ತು.

"ಹನ್ನೆರಡರಲ್ಲಿ ಹನ್ನೊಂದು, ಆ ಬಿಸಿಲಲ್ಲಿ" ಎಂದರು ಕೊನೆಗೆ. "ಎಳೆ ಯಾರ ಕೈಯಲ್ಲಾದ್ರೂ ತಪ್ಪತ್ತೆ ಚೀಲದಕ್ಕ, ನನ್ ಕೈಯಲ್ಲೂ ತಪ್ಪಿದೆ. ನಂಗೆ ಸಿಟ್ಟು ಬಂದಿರೋದು ಅದಕ್ಕಲ್ಲ. ಎರಡು ಬೆಳೆ ನೀವು ಸುಮ್ನಿದ್ರಲ್ಲ, ಅದಕ್ಕೆ. ಚೀಟೀಲಿ ಪಕ್ಕಕ್ಕೊಂದು ಅನುಮಾನದ ಗುರುತು ಹಾಕಿದ್ರೆ ಸಾಕಿತ್ತು."

"ತಪ್ಪಾಯ್ತು ಮೇಡಂ."

"ಕಾಣ್ಸಲ್ಲ ಅಂದ್ರೆ ಕಣ್ಣು ಪರೀಕ್ಷೆ ಮಾಡಿಸ್ಬೇಕು, ಚೀಲ ಬಿಚ್ಚೋದಲ್ಲ. ಕನ್ನಡಕ ಬರೋವರ್ಗೂ ಹೊಲಕ್ಕೆ ಇಳಿಯಂಗಿಲ್ಲ. ಬಂದ್ಮೇಲೆ ಈ ಹನ್ನೊಂದು ಸಾಲಿನ ಕಂದು ಗಿಡಕ್ಕೆಲ್ಲ ನೀವೇ ಚೀಲ ಹಾಕ್ಬೇಕು. ಹೂ ಬಿಡೋಕೆ ಇನ್ನೂ ಟೈಮಿದೆ, ತಗೊಳ್ಳಿ ಇದನ್ನ."

ಅತ್ತೆ ಚೀಲ ತೆಗೆದುಕೊಂಡು ಹೊರಗೆ ಬಂದು ಕಟ್ಟಿಕೊಳ್ಳಲು ನೋಡಿದರು. ಗಂಟು ಬೀಳಲೇ ಇಲ್ಲ, ನಾನೇ ಕಟ್ಟಿದೆ. ಮೇಡಂ ಅನುಮತಿ ಕೇಳಿ ಏಳನೇ ಸಾಲನ್ನು ಮಾತ್ರ ಇಬ್ಬರೂ ಸೇರಿ ಅವತ್ತೇ ಕಿತ್ತೆವು.

ಒಂದು ವಾರಕ್ಕೆ ಕನ್ನಡಕ ಬಂತು. ಹಾಕಿಕೊಂಡವರೇ ಅತ್ತೆ ಮೊದಲು ಮಾವನ ಮುಖ ಹಿಡಿದು ಬೆಳಕಿಗೆ ತಿರುಗಿಸಿದರು.

"ಅಯ್ಯೋ, ನೀವು ಯಾವಾಗ್ರೀ ಇಷ್ಟು ಮುದುಕರಾದ್ರಿ?"

"ನೀನು ಎಲೆ ನೋಡ್ತಾ ಕೂತಿದ್ಯಲ್ಲ, ಆಗ" ಎಂದರು ಮಾವ.

ರಾತ್ರಿ ಮಲಗುವಾಗ ಆ ಕನ್ನಡಕ ಎಲ್ಲಿ ಹೋಗುತ್ತದೆ ಎಂದು ಹೇಳಬೇಕೇ? ಕಂದು ಕಾಗದದ ಚೀಲದೊಳಗೆ, ತಾರೀಕು ಬರೆದ ಚೀಟಿಯ ಸಮೇತ!