ಹುಲ್ಲುಗಾವಲಿನಲ್ಲಿ ಕೇಳಿದ ನನ್ನ ಹೆಸರು

ಎರಡು ವರ್ಷದ ಹಿಂದೆ ಮಗಳು ಮೇಘಾಳ ಬೇಸಿಗೆ ರಜೆಯಲ್ಲಿ ನಾವು ಮೂವರು ಲಂಡನ್ನಿನ ಹ್ಯಾರೋದಿಂದ ಕೆನಡಾಕ್ಕೆ ಹೋಗಿದ್ದೆವು. ಮೇಘಾ ನಾನು ಹೆತ್ತ ಮಗಳಲ್ಲ. ಅವಳ ತಾಯಿ ತೀರಿಕೊಂಡ ಮೇಲೆ ನಾನು ಮದುವೆಯಾಗಿ ಆ ಮನೆಗೆ ಬಂದೆ. ಆಗ ಅವಳಿಗೆ ಹತ್ತು ವರ್ಷ. ಜಗಳವಿಲ್ಲ, ಹಟವಿಲ್ಲ. ಆದರೆ ಅವಳು ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಹಸಿವಾದರೆ ಅಡುಗೆಮನೆ ಬಾಗಿಲಿಗೆ ಬಂದು, ನಾನು ತಿರುಗಿ ನೋಡುವವರೆಗೂ ನಿಂತಿರುತ್ತಿದ್ದಳು. "ಅಮ್ಮ ಅನ್ನು" ಎಂದು ನಾನೂ ಕೇಳಲಿಲ್ಲ.

ಕೆನಡಾದಲ್ಲಿ ನಾವು ನೋಡಲು ಹೋದದ್ದು ಒಂದು ಸಂರಕ್ಷಿತ ಹುಲ್ಲುಗಾವಲು. ಆ ನೆಲ ಎಂದೂ ನೇಗಿಲು ಕಂಡಿಲ್ಲವಂತೆ. ಕಣ್ಣು ಹಾಯುವವರೆಗೂ ಹುಲ್ಲು. ಅದು ಇದ್ದಕ್ಕಿದ್ದಂತೆ ಮುಗಿದು, ಮಳೆಗಾಳಿಗೆ ಕೊರೆದುಹೋದ ಬೋಳು ಮಣ್ಣುಗುಡ್ಡಗಳು, ಆಳವಾದ ಕೊರಕಲುಗಳು ಶುರುವಾಗುತ್ತಿದ್ದವು. "ಬೈಸನ್ ಕಂಡರೆ ಹತ್ತಿರ ಹೋಗಬೇಡಿ, ಓಡಲೂಬೇಡಿ" ಎಂದು ಅಲ್ಲಿನ ಸಿಬ್ಬಂದಿ ಹೇಳಿ ಕಳಿಸಿದ್ದರು. ಬೈಸನ್ ಎಂದರೆ ನಮ್ಮ ಕಾಡುಕೋಣದಂಥದೇ, ಹೆಗಲ ತುಂಬ ಜೂಲು.

ಬಿಸಿಲಿಗೆ ತಲೆನೋವು ಬಂದು ನಮ್ಮವರು ಕಾರಿನ ಹತ್ತಿರವೇ ಉಳಿದರು. ಮೇಘಾ ಫೋಟೋ ತೆಗೆಯುತ್ತ ಮುಂದೆ, ನಾನು ಹಿಂದೆ. ಷೂ ಒಳಗೆ ಮುಳ್ಳು ಸೇರಿತೆಂದು ಕೊರಕಲಿನ ಅಂಚಿನಲ್ಲಿ ಕೂತು ಷೂ ಬಿಚ್ಚಿದೆ.

"ವೀಣಾ!"

ತಲೆ ಎತ್ತಿದೆ. ಮೇಘಾಳ ಮುಖ ಬಿಳಿಚಿಕೊಂಡಿತ್ತು. ನನ್ನ ಹಿಂದಕ್ಕೆ ಕೈ ತೋರಿಸುತ್ತಿದ್ದಳು. ತಿರುಗಿದರೆ, ಕೊರಕಲಿನಿಂದ ಮೇಲೇರಿ ಬಂದ ಬೈಸನ್ ಒಂದು ನನ್ನನ್ನೇ ನೋಡುತ್ತ ನಿಂತಿದೆ! ಅದು ಬುಸುಗುಡುವುದು ಕೇಳುವಷ್ಟು ಹತ್ತಿರ.

"ವೀಣಾ, ಡೋಂಟ್ ರನ್. ಪ್ಲೀಸ್. ಸ್ಲೋ ಆಗಿ ಬಾ."

ಕೈಯಲ್ಲಿ ಷೂ ಹಿಡಿದು, ಬರಿಗಾಲಲ್ಲೇ ಒಂದೊಂದೇ ಹೆಜ್ಜೆ ಹಿಂದೆ ಸರಿದೆ. ಅವಳು ಓಡಿಹೋಗಲಿಲ್ಲ. ಅಲ್ಲೇ ಕಾದು ನಿಂತಿದ್ದಳು. ಕೈಗೆಟುಕುತ್ತಲೇ ನನ್ನ ತೋಳನ್ನು ಉಗುರು ಊರುವಂತೆ ಹಿಡಿದುಕೊಂಡಳು. ಬೈಸನ್ ಒಮ್ಮೆ ತಲೆ ಕೊಡವಿತು. ಆಮೇಲೆ ನಾವು ಲೆಕ್ಕಕ್ಕೇ ಇಲ್ಲವೆಂಬಂತೆ ಹುಲ್ಲು ಮೇಯತೊಡಗಿತು.

ಕಾರು ತಲುಪುವವರೆಗೂ ಅವಳು ತೋಳು ಬಿಡಲಿಲ್ಲ. ಅಪ್ಪನನ್ನು ನೋಡಿದ್ದೇ ಅಳು ಒತ್ತರಿಸಿ ಬಂತು. "ಅಪ್ಪಾ, ಐ ಥಾಟ್... ವೀಣಾ ಕೂಡ..." ಎಂದಳು.

ಅವರು ಅವಳನ್ನು ತಬ್ಬಿ ಸಮಾಧಾನ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ, "ಹೆಸರು ಹಿಡ್ದು ಕರೀಬಾರ್ದು ಪುಟ್ಟಿ" ಎಂದು ಶುರು ಮಾಡಿದರು.

"ಸುಮ್ನಿರ್ರೀ, ಕರೀಲಿ ಬಿಡಿ" ಎಂದೆ. ಇನ್ನೂ ಕೈಯಲ್ಲೇ ಇದ್ದ ಷೂವನ್ನು ಆಗ ಹಾಕಿಕೊಂಡೆ.

ಇವತ್ತಿಗೂ ನಾನು ಅವಳಿಗೆ ವೀಣಾ. ಇಲ್ಲಿನ ದೇವಸ್ಥಾನದಲ್ಲಿ ಅದನ್ನು ಕೇಳಿ ಕೆಲವರು ಹುಬ್ಬೇರಿಸುತ್ತಾರೆ. ಅಮ್ಮ ಎಂದು ಕರೆಸಿಕೊಳ್ಳುವ ಆಸೆಯೇ ಇಲ್ಲವೆಂದರೆ ಸುಳ್ಳಾದೀತು. ಆದರೆ ಸ್ಕೂಲಿನಿಂದ ಬಂದವಳು ಬಾಗಿಲಿನಿಂದಲೇ "ವೀಣಾ, ಏನಿದೆ ತಿನ್ನೋಕೆ?" ಎಂದು ಕೂಗಿದಾಗ, ಆ ಕರೆಯಲ್ಲಿ ಏನೋ ಕಡಿಮೆಯಾಗಿದೆ ಎಂದು ನನಗೆ ಒಮ್ಮೆಯೂ ಅನಿಸಿಲ್ಲ.