ಪ್ರಸ್ಥಾನದ ಗಂಟು

ಸೋಮವಾರಪೇಟೆಯ ಬಸ್ ಸ್ಟ್ಯಾಂಡಿನ ಎದುರಿಗೆ ವಿಷ್ಣುಪ್ರಸಾದನ ಟಿಕೆಟ್ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಗೆ ಪ್ರಪಂಚದ ನಕ್ಷೆ. ಜೊತೆಗೆ ಅಷ್ಟು ಚಿಕ್ಕ ಅಂಗಡಿಗೆ ಒಪ್ಪದಷ್ಟು ಉದ್ದದ ಹಲಸಿನ ಮರದ ಬೆಂಚು. ಅದನ್ನು ಮಾಡುವಾಗ ಬಡಗಿ ಕೇಳಿದ್ದ, "ಇದೇನ್ ಸಾರ್, ಗಿರಾಕಿಗಳು ಕೂರೋಕಾ, ಮಲಗೋಕಾ?"

ಮಲಗುವುದಕ್ಕೇ. ವಿಷ್ಣುವಿನ ಗೆಳೆಯ ಸೀತಾರಾಮ ಆರಡಿಯ ಮೇಲೆ ಒಂದಂಗುಲ ಇದ್ದ.

ಇಬ್ಬರೂ ಮಾದಾಪುರದವರು, ಒಂದೇ ಶಾಲೆ, ಒಂದೇ ಬೆಂಚು. ಮುಂದೆ ಸೀತಾರಾಮ ತಂದೆಯ ನಂತರ ಊರಾಚೆಯ ಈಶ್ವರ ದೇವಸ್ಥಾನದ ಅರ್ಚಕನಾದ. ಆ ಗುಡಿ ಕಟ್ಟಿದವರು ಇಷ್ಟುದ್ದದ ಪೂಜಾರಿಯನ್ನು ಊಹಿಸಿರಲಿಲ್ಲ. ಗರ್ಭಗುಡಿಯ ಬಾಗಿಲು ನಾಲ್ಕಡಿ. ದಿನಕ್ಕೆ ಹತ್ತಾರು ಸಲ ಬಗ್ಗಿ ಒಳಗೆ, ಬಗ್ಗಿ ಹೊರಗೆ. ಮೂವತ್ತು ವರ್ಷ ಹಾಗೆ ಬಗ್ಗಿದ ಸೊಂಟ ಐವತ್ತು ದಾಟುವ ಹೊತ್ತಿಗೆ ಕೈಕೊಟ್ಟಿತು. ಅರ್ಧ ಗಂಟೆಗಿಂತ ಹೆಚ್ಚು ಕೂತರೆ ಬೆನ್ನಿನಿಂದ ಪಾದದವರೆಗೆ ಬೆಂಕಿ. ಚಪ್ಪಟೆ ಹಲಗೆಯ ಮೇಲೆ ಮಲಗಿದರೆ ಮಾತ್ರ ಆರುತ್ತಿತ್ತು.

ಸೋಮವಾರದ ಸಂತೆಗೆ ಬಂದವನು ಸೊಪ್ಪು, ವೀಳ್ಯದೆಲೆ ಕೊಂಡು ಅಂಗಡಿಗೆ ಬರುತ್ತಿದ್ದ. ಮುಖಕ್ಕೆ ಪೇಪರು ಮುಚ್ಚಿಕೊಂಡು ಬೆಂಚಿನ ಮೇಲೆ ಅರ್ಧ ಗಂಟೆ ನೀಳವಾಗಿ ಮಲಗುತ್ತಿದ್ದ. ಬಂದ ಗಿರಾಕಿಗಳು ನಿಂತೇ ವ್ಯವಹಾರ ಮುಗಿಸಬೇಕು. ಏಲಕ್ಕಿ ತೋಟದ ಬೋಜಮ್ಮನವರಿಗೆ ಮಾತ್ರ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏನ್ ಭಟ್ರೇ, ವಿಷ್ಣು ನಿಮ್ಗೆ ಸ್ಲೀಪರ್ ಕೋಚ್ ಕೊಟ್ಟಿದ್ದಾನಾ?"

ಪೇಪರಿನ ಒಳಗಿನಿಂದ ಉತ್ತರ ಬರುತ್ತಿತ್ತು, "ಕನ್ಫರ್ಮ್ ಆಗಿರೋ ಬರ್ತು ಬೋಜಮ್ಮ. ವೇಟಿಂಗ್ ಲಿಸ್ಟ್ ಅಲ್ಲ."

ಕೆನಡಾದ ಒಂದು ಊರಿನಲ್ಲಿ ಕನ್ನಡದವರು ಸೇರಿ ಗಣಪತಿಯ ಗುಡಿ ಕಟ್ಟಿದರು. ಅವರಲ್ಲೊಬ್ಬರು ಹಿಂದೆ ಮಾದಾಪುರದಲ್ಲಿ ಡಾಕ್ಟರಾಗಿದ್ದವರು. ಪ್ರತಿಷ್ಠೆಗೆ ಸೀತಾರಾಮನೇ ಆಗಬೇಕೆಂದು ಪಟ್ಟು ಹಿಡಿದು ಫೋನು ಮಾಡಿದರು. "ನಿಮ್ಮ ಬೆನ್ನು ನಾನು ನೋಡಿದ್ದೇನೆ ಭಟ್ರೇ. ಬಿಸಿನೆಸ್ ಕ್ಲಾಸಿನಲ್ಲಿ ಕರೆಸ್ತೇವೆ. ಪೂರ್ತಿ ಮಲಗಿಕೊಂಡು ಬರುವಂಥ ಸೀಟು ಇರಬೇಕು. ಯಾವ ಕಂಪನಿ ಅನ್ನೋದನ್ನ ನಿಮ್ಮ ವಿಷ್ಣುವೇ ನೋಡಿ ಆರಿಸಲಿ."

ನಿಮ್ಮ ವಿಷ್ಣುವೇ. ಆ ಮಾತನ್ನು ಸೀತಾರಾಮ ಅಂಗಡಿಯಲ್ಲಿ ನಾಲ್ಕು ಜನ ಇದ್ದಾಗ ಎರಡು ಸಲ ಹೇಳಿದ.

ವಿಷ್ಣುಪ್ರಸಾದ ಇಪ್ಪತ್ತೆರಡು ವರ್ಷದಿಂದ ಮಾರುತ್ತಿದ್ದದ್ದು ಹೆಚ್ಚಾಗಿ ಬಸ್ಸಿನ ಟಿಕೆಟು. ಪೇಟೆಯಲ್ಲಿ ಅವನನ್ನು 'ಬಸ್ ವಿಷ್ಣು' ಎಂದೇ ಕರೆಯುತ್ತಿದ್ದರು. ಅವನು ವಿಮಾನ ಹತ್ತಿದವನೇ ಅಲ್ಲ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೆನಡಾದ ಆ ಫೋನು ಬರುವ ಎರಡು ತಿಂಗಳು ಮೊದಲು ಒಂದು ವಿಮಾನ ಕಂಪನಿಯ ಸಿದ್ಧಾರ್ಥ ಎಂಬ ಪ್ರತಿನಿಧಿ ಬೆಂಗಳೂರಿನಿಂದ ಬಂದು, ಹಸಿರು ಬಾಲದ ಒಂದು ಗೊಂಬೆ ವಿಮಾನವನ್ನು ಮೇಜಿನ ಮೇಲಿಟ್ಟು ಹೋಗಿದ್ದ. "ಒಂದೇ ಒಂದು ಬಿಸಿನೆಸ್ ಕ್ಲಾಸ್ ಮಾಡಿಕೊಡಿ ಸರ್. ಮೈಸೂರಲ್ಲಿ ನಮ್ಮ ಏಜೆಂಟರ ಸಭೆ ಇದೆ. ನಿಮ್ಮನ್ನ ಸ್ಟೇಜ್ ಮೇಲೆ ಕರೀತೀವಿ." ಆ ಅಂಗಡಿಯಲ್ಲಿ ವಿಷ್ಣುವನ್ನು ಅಷ್ಟು ಗೌರವದಿಂದ ಮಾತಾಡಿಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಆರಿಸಲು ಇದ್ದದ್ದು ಎರಡು. ನೀಲಿ ಬಾಲದ ಕಂಪನಿಯ ಸೀಟು ಗುಂಡಿ ಒತ್ತಿದರೆ ನೆಟ್ಟಗೆ ಹಾಸಿಗೆಯಾಗುತ್ತಿತ್ತು. ಆದರೆ ಬೆಂಗಳೂರಿನಿಂದ ಅದು ಸಿಗುತ್ತಿದ್ದದ್ದು ಶುಕ್ರವಾರ ಮಾತ್ರ. ಹಸಿರು ಬಾಲದ್ದು ಬುಧವಾರ ಹೊರಡುತ್ತಿತ್ತು. ಅದರ ಜಾಹೀರಾತಿನ ಚಿತ್ರದಲ್ಲಿ ಒಬ್ಬಳು ಹೆಂಗಸು ಮುಗುಳ್ನಗುತ್ತ ನಿದ್ದೆ ಮಾಡುತ್ತಿದ್ದಳು. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ನೂರ ಅರವತ್ತೇಳು ಡಿಗ್ರಿ ಎಂದಿತ್ತು. ನೂರ ಎಂಬತ್ತಾದರೆ ಚಪ್ಪಟೆ ಎಂಬುದು ಹೈಸ್ಕೂಲಿನ ಲೆಕ್ಕ. ವಿಷ್ಣು ಮನಸ್ಸಿನಲ್ಲೇ ಕಳೆದು ನೋಡಿದ. ಹದಿಮೂರು. ಹದಿಮೂರು ಡಿಗ್ರಿ ಏನು ಮಹಾ ಅಂದುಕೊಂಡ. ಹಾಗೆ ಅಂದುಕೊಳ್ಳುವಾಗ ಅವನ ಕಣ್ಣು ಗೊಂಬೆ ವಿಮಾನದ ಮೇಲೆ ಇತ್ತು.

ಮುಂದಿನ ಸೋಮವಾರ ಸೀತಾರಾಮ ಬೆಂಚಿನ ಮೇಲಿಂದ ಕೇಳಿದ, "ಯಾವುದೋ ಆಯ್ತು?"

"ಹಸಿರುದು. ನೀಲಿ ಕಂಪನಿದು ಶುಕ್ರವಾರ ಕಣೋ. ಶುಕ್ರವಾರ ಪಶ್ಚಿಮಕ್ಕೆ ಶೂಲೆ ಅಲ್ವಾ ನಿಂಗೆ?"

ಒಂದೊಂದು ವಾರ ಒಂದೊಂದು ದಿಕ್ಕಿಗೆ ಪ್ರಯಾಣ ಕೂಡದೆಂದು ಪಂಚಾಂಗ ಹೇಳುತ್ತದೆ. ಸೀತಾರಾಮ ಅದನ್ನು ಮೀರಿದವನಲ್ಲ. ಕುಶಾಲನಗರಕ್ಕೆ ಹೋಗಬೇಕಾದರೂ ವಾರ ನೋಡಿಯೇ ಹೋಗುತ್ತಿದ್ದ. ಅದನ್ನು ವಿಷ್ಣು ಮೊದಲೆಲ್ಲ ಗೇಲಿ ಮಾಡಿದ್ದುಂಟು. ಇವತ್ತು ಅದೇ ಕೈಗೆ ಸಿಕ್ಕ ನೆಪವಾಯಿತು.

ಸೀತಾರಾಮ ಮುಖದ ಮೇಲಿನ ಪೇಪರು ತೆಗೆದ. ಸ್ವಲ್ಪ ಹೊತ್ತು ಮೇಜಿನ ಕಡೆ ನೋಡಿದ.

"ಸೀಟು ಮಲಗೋ ಹಾಗೆ ಆಗುತ್ತೆ ತಾನೆ?"

"ಹಾಸಿಗೆ ಮಾರಾಯ. ಈ ಬೆಂಚಿಗಿಂತ ವಾಸಿ."

"ಹಾಗಾದ್ರೆ ಹಸಿರುದೇ ಮಾಡು. ಶೂಲೆ ನೋಡಿ ಟಿಕೆಟ್ ಕೊಡೋ ಏಜೆಂಟು ಇನ್ನೆಲ್ಲಿ ಸಿಗ್ತಾನೆ ನಂಗೆ?" ಎಂದು ನಕ್ಕು, ಪೇಪರನ್ನು ಮತ್ತೆ ಮುಖಕ್ಕೆ ಎಳೆದುಕೊಂಡ.

ಹೋದ, ಪ್ರತಿಷ್ಠೆ ಮಾಡಿಸಿದ, ತಿಂಗಳ ಮೇಲೆ ಬಂದ. ಬೆಂಗಳೂರಿನಿಂದ ಕರೆತಂದದ್ದು ಟ್ಯಾಕ್ಸಿ ರಾಜು. ಮಾರನೆಯ ದಿನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ ಹೇಳಿದ, "ಭಟ್ರು ಹಿಂದಿನ ಸೀಟಲ್ಲಿ ಮಲ್ಕೊಂಡೇ ಬಂದ್ರಣ್ಣ. ಇಳಿಸೋಕೆ ಇಬ್ರು ಬೇಕಾಯ್ತು."

"ಅಲ್ಲಿನ ಚಳಿ ಹಿಡ್ಕೊಂಡಿರ್ಬೇಕು" ಎಂದ ವಿಷ್ಣು. ಮತ್ತೇನೂ ಕೇಳಲಿಲ್ಲ. ಕೇಳಿದರೆ ರಾಜು ಹೇಳಿಬಿಡುತ್ತಾನೆಂದು ಅವನಿಗೆ ಗೊತ್ತಿತ್ತು.

ಎರಡು ವಾರ ಸಂತೆಗೆ ಬಾರದ ಸೀತಾರಾಮ ಮೂರನೆಯ ವಾರ ಬಂದ. ಅಂಗಡಿ ತುಂಬ ಜನ ಇದ್ದರು. ಬೋಜಮ್ಮ ಬಾಯಿ ತೆರೆಯುವ ಮೊದಲೇ ಅವನೇ ಶುರು ಮಾಡಿದ. "ಏನು ಹೇಳ್ಲಿ ಬೋಜಮ್ಮ, ಸಿಂಹಾಸನ! ಹೂವಿನ ಹಾಗೆ ಹೋಗಿ ಹೂವಿನ ಹಾಗೆ ಬಂದೆ. ಫಾರಿನ್ನಿಗೆ ಹೋಗೋರು ಯಾರೇ ಆಗ್ಲಿ, ಕಣ್ಣು ಮುಚ್ಚಿ ನಮ್ಮ ವಿಷ್ಣು ಹತ್ರ ಬನ್ನಿ."

ಜನ ಬಂದರು. ಆ ವರ್ಷ ಮೂವರು ತೋಟದ ಮಾಲೀಕರು ವಿಷ್ಣುವಿನ ಹತ್ತಿರವೇ ಟಿಕೆಟು ಮಾಡಿಸಿದರು. ಮೈಸೂರಿನ ಸಭೆಯಲ್ಲಿ ಅವನನ್ನು ನಿಜಕ್ಕೂ ಸ್ಟೇಜಿಗೆ ಕರೆದು ಒಂದು ಫಲಕ ಕೊಟ್ಟರು. ಸೀತಾರಾಮ ಅದನ್ನು ಎರಡು ಕೈಯಲ್ಲಿ ಎತ್ತಿ ನೋಡಿ, "ಭಾರ ಇದೆಯಲ್ಲೋ!" ಎಂದು ಖುಷಿಪಟ್ಟ. ಆಮೇಲಿನ ಸೋಮವಾರಗಳಲ್ಲಿ ಅವನು ಬೆಂಚಿನ ಮೇಲೆ ಅರ್ಧ ಗಂಟೆಯಲ್ಲ, ಒಂದು ಗಂಟೆ ಮಲಗುತ್ತಿದ್ದ. ವಿಷ್ಣು ಗಡಿಯಾರ ನೋಡುತ್ತಿದ್ದ, ನೋಡದವನಂತೆ ಕೆಲಸ ಮಾಡುತ್ತಿದ್ದ.

ಎರಡು ವರ್ಷದ ಮೇಲೆ ಕೆನಡಾದಿಂದ ಮತ್ತೆ ಕರೆ ಬಂತು. ಈ ಸಲ ನೀಲಿ ಬಾಲದ್ದನ್ನೇ ಮಾಡಬೇಕೆಂದು ವಿಷ್ಣು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಅಷ್ಟರಲ್ಲಿ ಸೀತಾರಾಮ ನಾಲ್ಕು ಜನರ ಮುಂದೆ, "ಅದೇ ಹಸಿರು ಕಂಪನಿ ಮಾಡೋ. ಗೊತ್ತಿರೋ ಸೀಟು" ಎಂದ. ಈಗ ಬೇರೆ ಮಾಡಿದರೆ ಯಾಕೆಂದು ಹೇಳಬೇಕು. ವಿಷ್ಣು ಅದನ್ನೇ ಮಾಡಿದ. ಟಿಕೆಟು ಮಾಡಿದ ಮೇಲೆ ಹಸಿರು ಕಂಪನಿ ವೇಳಾಪಟ್ಟಿ ಬದಲಿಸಿ, ಬುಧವಾರದ ಪ್ರಯಾಣವನ್ನು ಶುಕ್ರವಾರಕ್ಕೆ ಹಾಕಿತು.

"ಸೀತು, ಇದು ಶುಕ್ರವಾರ ಆಗಿಬಿಟ್ಟಿದೆ..."

"ಅದಕ್ಕೇನು ಮಾರಾಯ? ಪ್ರಸ್ಥಾನ ಇಟ್ರಾಯ್ತು. ನಿನ್ನ ಮನೆ ನಮ್ಮನೆಯಿಂದ ಪಶ್ಚಿಮಕ್ಕೇ ಇದೆ. ಬುಧವಾರ ಬೆಳಿಗ್ಗೆ ತಂದಿಡ್ತೀನಿ."

ಹೊರಡುವ ದಿನ ಕೂಡಿಬರದಿದ್ದರೆ, ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಒಂದು ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದುಂಟು. ಗಂಟು ಹೊರಟಿತೆಂದರೆ ಮನುಷ್ಯ ಹೊರಟಂತೆ. ಆಮೇಲೆ ಯಾವ ವಾರವಾದರೂ ಹೋಗುವ ದಾರಿಯಲ್ಲಿ ಅದನ್ನೆತ್ತಿಕೊಂಡು ನಡೆದರೆ ಶೂಲೆ ತಟ್ಟುವುದಿಲ್ಲ. ಇದು ವಿಷ್ಣುವಿನ ಅಜ್ಜಿಗೂ ಗೊತ್ತಿತ್ತು. ವಿಷ್ಣುವಿಗೂ ಗೊತ್ತಿತ್ತು. ಹಾಗಿರುವಾಗ ಪಂಚಾಂಗವನ್ನೇ ಉಸಿರಾಡುವ ಅರ್ಚಕನಿಗೆ ಎರಡು ವರ್ಷದ ಹಿಂದೆ ಅದು ಮರೆತುಹೋಗಿತ್ತೇ?

ವಿಷ್ಣುವಿಗೆ ಅಂದು ಪೇಪರು ಸರಿಸಿ ಸೀತಾರಾಮ ಮೇಜಿನ ಕಡೆ ನೋಡಿದ್ದು ನೆನಪಾಯಿತು. ಅವನು ನೋಡಿದ್ದು ಗೊಂಬೆ ವಿಮಾನವನ್ನು.

ಬುಧವಾರ ಬೆಳಿಗ್ಗೆ ಸೀತಾರಾಮ ಗಂಟು ಹೊತ್ತು ಬಂದ. ಹಳೆಯ ಕೆಂಪಂಚಿನ ಪಂಚೆಯಲ್ಲಿ ಕಟ್ಟಿದ್ದು, ಮೆತ್ತಗೆ, ಉಬ್ಬಿಕೊಂಡಿತ್ತು. ದೇವರ ಕೋಣೆಯ ಬಾಗಿಲ ಬಳಿ ಇಟ್ಟು, ಅಕ್ಷತೆ ಹಾಕಿ, ಗೋಡೆ ಹಿಡಿದು ನಿಧಾನವಾಗಿ ಎದ್ದ. "ಇನ್ನು ನಾನು ಹೊರಟ ಲೆಕ್ಕ."

"ಸೀತು, ಒಂದು ಮಾತು ಹೇಳ್ಬೇಕಿತ್ತು. ಟಿಕೆಟ್ ಇನ್ನೂ ಬದಲಾಯಿಸ್ಬಹುದು..."

"ಹೊರಟವನನ್ನ ತಡೆದು ಮಾತಾಡಿಸ್ಬಾರ್ದೋ ಮಂಕೇ. ಗಂಟು ಎತ್ತೋಕೆ ಬರ್ತೀನಲ್ಲ, ಶುಕ್ರವಾರ ಹೇಳು." ಹಾಗೆಂದು ಹಿಂತಿರುಗಿ ನೋಡದೆ ಮೆಟ್ಟಿಲಿಳಿದ.

ಗುರುವಾರ ಬೆಳಗಿನ ಪೂಜೆ ಮುಗಿಸಿ, ನಾಲ್ಕಡಿಯ ಬಾಗಿಲಿನಿಂದ ಬಗ್ಗಿ ಹೊರಬಂದವನು ಪ್ರಾಂಗಣದಲ್ಲಿ ಕೂತ. ಎದೆ ಹಿಡಿದುಕೊಂಡ. ಜೀಪು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತೇಳು ವರ್ಷ. ಹೃದಯ ಎಂದರು ಡಾಕ್ಟರು. ಬೆನ್ನಿಗೂ ಅದಕ್ಕೂ ಸಂಬಂಧವಿಲ್ಲ ಎಂದರು. ವಿಷ್ಣು ಅದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡ. ಕೇಳಿದ್ದಕ್ಕೆ ಆಮೇಲೆ ನಾಚಿದ.

ಹದಿಮೂರು ದಿನದ ಕರ್ಮಗಳೆಲ್ಲ ಕಳೆದ ಮೇಲೆ ವಿಷ್ಣು ಗಂಟನ್ನೆತ್ತಿಕೊಂಡು ಸೀತಾರಾಮನ ಮನೆಗೆ ಹೋದ. ಅವನ ಹೆಂಡತಿ ವೇದಾವತಿ ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು.

"ಅತ್ತಿಗೆ, ಇದು ನಮ್ಮನೇಲೇ ಉಳಿದಿತ್ತು. ಬಿಚ್ಚಿಲ್ಲ."

"ಏನಿಲ್ಲ ಅದರಲ್ಲಿ. ಒಂದು ಜೊತೆ ಪಂಚೆ, ಮತ್ತೆ ನಾನು ಹೊಲಿದ ದಿಂಬು." ವೇದಾವತಿ ಬೆರಳಿನಲ್ಲಿ ಅಳತೆ ತೋರಿಸಿದರು. "ಒಂದು ಕಡೆ ಗೇಣು ದಪ್ಪ, ಇನ್ನೊಂದು ಕಡೆ ಬೆರಳು ದಪ್ಪ. ಆ ಸೀಟು ಇಳಿಜಾರಂತೆ. ಹೋದ ಸಲ ಜಾರಿ ಜಾರಿ ಹೋಗಿ, ಕಡೆಗೆ ವಿಮಾನದ ಹುಡುಗಿಯರು ಕಾಫಿ ಕಾಯಿಸೋ ಜಾಗದಲ್ಲಿ ನಿಂತುಕೊಂಡೇ ಇದ್ರಂತೆ, ಎಂಟೋ ಒಂಬತ್ತೋ ಗಂಟೆ. ಇಲ್ಲೇ ಜಗಲಿಗೆ ಹಲಗೆ ಒರಗಿಸಿ, ಇಷ್ಟು ಇಳಿಜಾರು ಕಣೇ ಅಂತ ತೋರಿಸಿದ್ರು. ಅದರ ಅಳತೆಗೆ ಹೊಲಿದೆ. ನಿಮಗೆ ಹೇಳಕೂಡ್ದು ಅಂತ ಆಣೆ ಹಾಕಿಸ್ಕೊಂಡಿದ್ರು. ಇನ್ನೇನು, ಹೇಳಿದೆ."

ವಿಷ್ಣು ಕೆಳಗೆ ನೋಡುತ್ತಲೇ ಹೇಳಿದ, "ನನಗೆ ಗೊತ್ತಿತ್ತು ಅತ್ತಿಗೆ. ಟಿಕೆಟ್ ಮಾಡೋವಾಗ್ಲೇ ಗೊತ್ತಿತ್ತು. ನೆಟ್ಟಗೆ ಮಲಗೋ ಸೀಟು ಶುಕ್ರವಾರದ್ದರಲ್ಲಿ ಇತ್ತು. ಶೂಲೆ ಅಂತ ಸುಮ್ನೆ ನೆಪ ಹೇಳಿದೆ."

ವೇದಾವತಿ ಬತ್ತಿಯನ್ನು ತಟ್ಟೆಯಲ್ಲಿಟ್ಟರು. "ಪ್ರಸ್ಥಾನ ಇಡಬಹುದಲ್ಲ ಅಂತ ನಾನು ಅವತ್ತೇ ಕೇಳಿದ್ದೆ. ವಿಷ್ಣು ಜೀವಮಾನದಲ್ಲಿ ಒಂದು ದೊಡ್ಡ ಟಿಕೆಟ್ ಮಾಡ್ತಿದ್ದಾನೆ, ಸುಮ್ನಿರೇ ಅಂದ್ರು."

ಅಷ್ಟೇ ಹೇಳಿದರು. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವನು ಗಂಟನ್ನು ಮುಂದಕ್ಕೆ ಸರಿಸಿದಾಗ ಅವರು ಕೈ ಹಿಂದೆ ತೆಗೆದುಕೊಂಡರು.

"ಬೇಡ ವಿಷ್ಣು. ಕೋಪಕ್ಕಲ್ಲ. ಪ್ರಸ್ಥಾನ ಇಟ್ಟ ಗಂಟನ್ನ ಪ್ರಯಾಣ ಮುಗಿಯದೆ ಮನೆಯೊಳಗೆ ತರೋ ಹಾಗಿಲ್ಲ. ಅದು ಹೊರಟಾಗಿದೆ. ನಿಮ್ಮ ಹತ್ರಾನೇ ಇರ್ಲಿ."

ಸ್ಕೂಟರಿನ ಮುಂದೆ ಅದನ್ನಿಟ್ಟುಕೊಂಡು ವಾಪಸು ಬರುವಾಗ ಮನೆಗೆ ಒಯ್ಯಲು ಅವನಿಗೆ ಮನಸ್ಸಾಗಲಿಲ್ಲ. ನೇರ ಅಂಗಡಿಗೆ ಹೋಗಿ, ಹಲಸಿನ ಬೆಂಚಿನ ಮೇಲೆ, ಸೀತಾರಾಮ ತಲೆ ಇಡುತ್ತಿದ್ದ ಕಡೆ ಇಟ್ಟ.

ಸೋಮವಾರ ಸಂತೆ. ಅಂಗಡಿಯಲ್ಲಿ ಆರೇಳು ಜನ. ಬೋಜಮ್ಮ ಚೀಲ ಹೊತ್ತು ಬಂದು, ಬೆಂಚಿನ ಮೇಲಿನ ಗಂಟನ್ನು ನೋಡಿದರು. ಆಮೇಲೆ ಹೇಳಿದರು, "ಮಂಡಿ ಆಪರೇಷನ್ ಆದ್ಮೇಲೆ ತಂಗಿ ಹತ್ರ ಲಂಡನ್ನಿಗೆ ಹೋಗೋಣ ಅಂತಿದ್ದೀನಿ ವಿಷ್ಣು. ಕಾಲು ಚಾಚಿ ಮಲಗಿ ಹೋಗ್ಬೇಕು. ಭಟ್ರು ಹೋದ ಆ ಹಸಿರು ವಿಮಾನಾನೇ ಮಾಡಿಕೊಡಪ್ಪ. ಹೂವಿನ ಹಾಗೆ ಹೋಗಿ ಬಂದೆ ಅಂತಿದ್ರಲ್ಲ, ಪಾಪ."

ವಿಷ್ಣು ಕಂಪ್ಯೂಟರಿನ ಕಡೆ ತಿರುಗಿದ. ಬೆರಳು ಕೀಲಿಗಳ ಮೇಲೆ ಹಾಗೇ ನಿಂತವು.

"ಅದು ಮಲಗೋ ಸೀಟಲ್ಲ ಬೋಜಮ್ಮ. ಹದಿಮೂರು ಡಿಗ್ರಿ ಇಳಿಜಾರು. ಭಟ್ರು ನಿಂತ್ಕೊಂಡು ಹೋದ್ರು. ನಾನು ಗೊತ್ತಿದ್ದೂ ಮಾಡಿಕೊಟ್ಟೆ, ಸ್ಟೇಜ್ ಹತ್ತೋ ಆಸೆಗೆ. ಅವರು ಹಾಗೆ ಹೇಳಿದ್ದು ನನ್ನ ಮಾನ ಉಳಿಸೋಕೆ." ಆಮೇಲೆ ಅವರ ಕಡೆ ತಿರುಗಿ ಹೇಳಿದ, "ನಾನು ವಿಮಾನ ಹತ್ತಿದವನೂ ಅಲ್ಲ. ನೀಲಿ ಕಂಪನಿದು ನೋಡ್ತೀನಿ. ಫೋನ್ ಮಾಡಿ, ಕೇಳಿ ಹೇಳ್ತೀನಿ."

ಹೊರಗೆ ಮಡಿಕೇರಿ ಬಸ್ಸಿನ ಕಂಡಕ್ಟರು ಕೂಗುತ್ತಿದ್ದ. ಬೋಜಮ್ಮ ಅವನ ಮುಖವನ್ನೇ ನೋಡುತ್ತಿದ್ದವರು, ನೋವಿನ ಮಂಡಿ ಹಿಡಿದು ಸುತ್ತ ನೋಡಿದರು. ಕೂರಲು ಇದ್ದದ್ದು ಆ ಬೆಂಚು ಒಂದೇ. ಗಂಟಿನ ಪಕ್ಕದಲ್ಲಿ ಐದಡಿ ಜಾಗ ಖಾಲಿ ಇತ್ತು. ಅವರು ಚೀಲವನ್ನು ನೆಲದ ಮೇಲಿಟ್ಟು, ಮೇಜಿಗೆ ಒರಗಿ ನಿಂತುಕೊಂಡರು.

"ಫೋನ್ ಮಾಡಿ ಕೇಳು" ಎಂದರು. "ನಾನು ನಿಂತಿರ್ತೀನಿ."